ಹೊಸ್ತಿಲ ಶೇಡಿ, ಒಲೆಯ ಮುಂದಿನ ವೃತ್ತ

ಮಂಗಳೂರಿನಲ್ಲಿ ಪಬ್ ಎಂದೊಡನೆ ಕಿಟಕಿಯಿಲ್ಲದ, ಸಂಗೀತ ಅಬ್ಬರಿಸುವ ಕೋಣೆಯೊಂದು ಕಣ್ಣಿಗೆ ಬರುತ್ತದೆ. ಆದರೆ ಇಂಗ್ಲೆಂಡಿನ ವೂಸ್ಟರ್‌ಶೈರ್‌ಗೆ ಸೇರಿದ ಬ್ರೆಟ್‌ಫೋರ್ಟನ್ ಹಳ್ಳಿಯಲ್ಲಿರುವ ‘ಫ್ಲೀಸ್ ಇನ್’ನ ಒಳಗೆ ಹೋದಾಗ ನನಗೆ ನೆನಪಾದದ್ದು ಬ್ರಹ್ಮಾವರದ ಬಳಿಯ ಅಜ್ಜಿಮನೆಯ ಚಾವಡಿ. ಅದು ಪಬ್ ಆಗಲೆಂದು ಕಟ್ಟಿದ್ದಲ್ಲ. ಹದಿನೈದನೆಯ ಶತಮಾನದಲ್ಲಿ ರೈತನೊಬ್ಬ ತನ್ನ ಸಂಸಾರಕ್ಕೂ ದನಕರುಗಳಿಗೂ ಒಂದೇ ಮಾಡಿನಡಿ ಕಟ್ಟಿಕೊಂಡ ಮನೆ. ಪಬ್ ಆದದ್ದು 1848ರಲ್ಲಿ.

ಕಟ್ಟಡದ ಭಾರವನ್ನು ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಚೌಕಗಳ ನಡುವಿನ ಜಾಗವನ್ನು ತೆಳುವಾದ ಕೋಲುಗಳ ಹೆಣಿಗೆಯಿಂದ ಮುಚ್ಚಿ, ಅದಕ್ಕೆ ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತುವುದು ಆ ಕಾಲದ ಪದ್ಧತಿ. ನಮ್ಮ ಆಚಾರಿಗಳು ಹಲಸಿನ ಮರ ಒಣಗಲೆಂದು ಕಾಯುತ್ತಾರೆ. ಅಲ್ಲಿನ ಬಡಗಿಗಳು, ಒಣಗಿದ ಓಕ್ ಉಳಿಗೆ ಬಗ್ಗದೆಂದು, ಹಸಿಯಿರುವಾಗಲೇ ಕೆತ್ತುತ್ತಿದ್ದರು. ಒಂದು ಮರದ ನಾಲಿಗೆಯನ್ನು ಇನ್ನೊಂದರ ತೂತಿನಲ್ಲಿ ಕೂರಿಸುವಾಗ ಎರಡರ ಗೂಟದ ರಂಧ್ರಗಳು ಒಂದಕ್ಕೊಂದು ನೇರ ಕೂರದಂತೆ ಬೇಕೆಂದೇ ಕೂದಲೆಳೆಯಷ್ಟು ಸರಿಸಿ ಕೊರೆಯುತ್ತಿದ್ದುದರಿಂದ, ಗೂಟ ಬಡಿದಂತೆ ಸಂದು ತಾನಾಗಿ ಬಿಗಿಯುತ್ತಿತ್ತು. ಮರ ಒಣಗುತ್ತಾ ಸೊಟ್ಟಗಾದರೂ ಆ ಹಿಡಿತ ಸಡಿಲುವುದಿಲ್ಲ. ಶತಮಾನಗಳ ಹಿಂದೆ ಇಂಥ ಲೆಕ್ಕ ಹಾಕಿದ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ.

ಮಾಡಿನ ಒಂದು ಭಾಗ ಹುಲ್ಲಿನದು, ಇನ್ನೊಂದು ಕಲ್ಲಿನ ಹಂಚಿನದು. ಹುಲ್ಲು ನೆನೆಯುವ ಮೊದಲೇ ನೀರು ಜಾರಿ ಹೋಗಬೇಕಾದ್ದರಿಂದ ಇಳಿಜಾರು ಕಡಿದಾಗಿರುತ್ತದೆ. ಮುಳಿಹುಲ್ಲಿನ ಮಾಡು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹುಲ್ಲಿನ ಮಾಡು ಕ್ರಮೇಣ ಮರೆಯಾಯಿತು.

ನಾನು ಹೆಚ್ಚು ಹೊತ್ತು ನಿಂತದ್ದು ಒಲೆಯ ಮುಂದೆ. ನೆಲದ ಕಲ್ಲುಗಳ ಮೇಲೆ ಬಿಳಿಯ ವೃತ್ತಗಳಿವೆ. ಹೊಗೆಗೂಡಿನಿಂದ ಮಾಟಗಾತಿಯರು ಇಳಿದು ಬಾರದಿರಲೆಂದು ಬರೆಯುತ್ತಿದ್ದ ರಕ್ಷೆ ಅದು. ಅಜ್ಜಿ ದಿನವೂ ಬೆಳಗ್ಗೆ ಶೇಡಿಯಲ್ಲಿ, ಅಂದರೆ ಬಿಳಿ ಮಣ್ಣಿನಲ್ಲಿ, ಹೊಸ್ತಿಲು ಬರೆಯುತ್ತಿದ್ದರು. ಮನೆಯೊಳಗೆ ಗಾಳಿ ನುಗ್ಗುವ ದಾರಿಯನ್ನೇ ಎರಡು ಊರಿನವರೂ ಕಾಯ್ದುಕೊಂಡಿದ್ದಾರೆ.

ಅಜ್ಜಿಮನೆಯನ್ನು ಹನ್ನೆರಡು ವರ್ಷಗಳ ಹಿಂದೆ ಕಳಚಿದೆವು. ಪಾಲು ಮುಗಿಯುವ ಮೊದಲೇ ಮರದ ವ್ಯಾಪಾರಿಯೊಬ್ಬರು ಕಂಬ, ಪಕಾಸುಗಳನ್ನು ಘನ ಅಡಿಯ ಲೆಕ್ಕದಲ್ಲಿ ಕೊಂಡೊಯ್ದರು. ಫ್ಲೀಸ್ ಇನ್ನಿನ ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ ಆ ಮೂಲ ರೈತನ ವಂಶದವರೇ. 1977ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಕಟ್ಟಡ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಟ್ರಸ್ಟಿನವರು ಅದನ್ನು ಬೀಗ ಹಾಕಿದ ವಸ್ತುಸಂಗ್ರಹಾಲಯವಾಗಿಸದೆ ಪಬ್ ಆಗಿಯೇ ಉಳಿಸಿದ್ದು ನನಗೆ ಬಹಳ ಸರಿಯೆನಿಸಿತು. ಒಲೆ ಉರಿಯದ ಮನೆಯಲ್ಲಿ ಮರಕ್ಕೆ ಬೇಗ ಹುಳ ಹಿಡಿಯುತ್ತದೆ. 2004ರಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದಾಗಲೂ ಹಂಚಿಗೆ ಬದಲಾಯಿಸದೆ ಮತ್ತೆ ಹುಲ್ಲನ್ನೇ ಹೊದೆಸಿದ್ದಾರೆ.