ಹೆದರಿಸುವ ಕಥೆಯಲ್ಲಿ ನಗು ಎಂತಕ್ಕೆ, ಟೀಚರೇ?

ಕಾಸರಗೋಡು ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಕೇಳಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲಿನ ಡಾಕ್ಟರು, ನಾನು ಬಾಯಿ ತೆರೆದು ಮಲಗಿದ್ದಾಗ ಕೇಳಿದರು. "ಟೀಚರೇ, ನಿಮ್ಮ ಕಥೆಯಲ್ಲಿ ಹೆಣ ಉಂಟು, ಪ್ರೇತ ಉಂಟು, ಪಾಳು ಮನೆ ಉಂಟು. ಹೆದರಿಕೆಯೂ ಆಗ್ತದೆ. ಆದ್ರೆ ಅಲ್ಲೇ ನಗಿಸಿಯೂ ಬಿಡ್ತೀರಿ. ಹೆದರಿಸುವುದಾದರೆ ಹೆದರಿಸಿ, ನಗಿಸುವುದಾದರೆ ನಗಿಸಿ. ಇದೆಂತ ಎರಡೂ ಒಟ್ಟಿಗೆ?"

ಆವತ್ತು ಬಾಯಿ ತುಂಬ ಹತ್ತಿ ಇತ್ತು. ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ.

ಮೊದಲು ನಮ್ಮ ಮಾತನ್ನೇ ಕೇಳಿ ನೋಡಿ. ಬಸ್ಸು ತಪ್ಪಿದರೆ "ಎಂತ ಸಾವು ಮಾರಾಯ." ಕರೆಂಟು ಹೋದರೆ "ಸಾವು!" ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ. ಸಿಟ್ಟು ಬಂದರೆ ಎದುರು ನಿಂತವನಿಗೇ "ನಿನ್ನ ಬೊಜ್ಜ" ಅಂತ ಬೈದು, ಐದು ನಿಮಿಷ ಬಿಟ್ಟು ಅವನ ಜೊತೆಗೇ ಚಾ ಕುಡಿಯುತ್ತಾರೆ. ಇಂಥ ಊರಲ್ಲಿ ಹುಟ್ಟಿ ನಾನು ಬರೀ ಗಂಭೀರ ಪ್ರೇತವನ್ನು ಎಲ್ಲಿಂದ ತರಲಿ?

ಒಂದು ಮದುವೆಯ ಕಥೆ ಹೇಳುತ್ತೇನೆ. ತುಳುವರಲ್ಲಿ ಕುಲೆ ಮದುವೆ ಅಂತ ಉಂಟು. ಕುಲೆ ಅಂದರೆ ಸತ್ತವರ ಆತ್ಮ. ಮದುವೆಯಾಗದೆ ತೀರಿಕೊಂಡವರಿಗೆ, ಚಿಕ್ಕ ಮಕ್ಕಳಾಗಿದ್ದಾಗಲೇ ಹೋದವರಿಗೂ, ಎಷ್ಟೋ ವರ್ಷ ಕಳೆದು ಜೋಡಿ ಹುಡುಕಿ ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ, ಮೂವತ್ತು ವರ್ಷದ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶವಿಡೀ ಸುದ್ದಿಯಾಯಿತು. ಹೊರಗಿನವರು ಮೂಗಿನ ಮೇಲೆ ಬೆರಳಿಟ್ಟರು. ನಮ್ಮ ಕಡೆಯವರು "ಬರಿ ಯಾವುದಂತೆ?" ಅಂತ ವಿಚಾರಿಸಿದರು. ಬರಿ ಅಂದರೆ ತುಳುವರ ಗೋತ್ರ. ಸತ್ತರೂ ಬರಿ ನೋಡದೆ ಸಂಬಂಧ ಮಾಡಲು ಆಗುತ್ತದಾ?

ನಾನು ನೋಡಿದ್ದು ನಮ್ಮ ಮನೆಯ ಹಿಂಬದಿಯ ಮನೆಯಲ್ಲಿ. ಆ ಮನೆಯ ಅಕ್ಕನಿಗೆ 1986ರಲ್ಲಿ ಹುಟ್ಟಿದ ಮಗಳು ನಾಲ್ಕೇ ತಿಂಗಳಿಗೆ ಹೋಗಿಬಿಟ್ಟಿದ್ದಳು. ಹುಡುಗ 1989ರವನು, ಎರಡು ವರ್ಷದವನಿದ್ದಾಗ ತೀರಿಕೊಂಡವನು. ಮಾತುಕತೆಗೆ ಬಂದ ಹುಡುಗನ ಮಾವ ಚಾ ಕುಡಿದು, ಬಾಯಿ ಒರೆಸಿ, ಮೆಲ್ಲಗೆ ತೆಗೆದರು. "ಹುಡುಗಿ ಮೂರು ವರ್ಷ ದೊಡ್ಡವಳಾಗ್ತಾಳಲ್ಲ?"

ಜಗಲಿಯ ಮೂಲೆಯಲ್ಲಿದ್ದ ಅಜ್ಜ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಯಾವ ಲೆಕ್ಕದಲ್ಲಿ ದೊಡ್ಡವಳು? ನಮ್ಮವಳಿಗೆ ನಾಲ್ಕು ತಿಂಗಳು. ನಿಮ್ಮವನಿಗೆ ಎರಡು ವರ್ಷ."

ಯಾರೂ ಮಾತಾಡಲಿಲ್ಲ. ಹುಟ್ಟಿದ ತಾರೀಕು ಹಿಡಿಯಬೇಕಾ, ಸತ್ತಾಗಿನ ವಯಸ್ಸು ಹಿಡಿಯಬೇಕಾ? ಆಮೇಲೆ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಸಂಬಂಧ ಕುದುರಿತು.

ಮದುವೆ ಆಟಿಯಲ್ಲಿ, ಆಷಾಢದ ಹೊತ್ತಿಗೆ ಬರುವ ತುಳು ತಿಂಗಳಲ್ಲಿ. ಬದುಕಿರುವವರ ಮದುವೆಗೆ ಆಟಿ ಆಗುವುದಿಲ್ಲ, ಹಾಗಾಗಿ ಅಡುಗೆಯವರು ಖಾಲಿ ಇರುತ್ತಾರೆ. (ಇದೂ ಮಾತುಕತೆಯಲ್ಲಿ ಬಂದ ವಿಷಯವೇ.) ಎರಡು ಮಣೆ ಇಟ್ಟಿದ್ದರು. ಒಂದರ ಮೇಲೆ ಪಂಚೆ, ಶರ್ಟು. ಇನ್ನೊಂದರ ಮೇಲೆ ರವಕೆ, ಬಳೆ, ಮಲ್ಲಿಗೆ. ಗಂಡಿನ ಕಡೆಯವರು ಧಾರೆ ಸೀರೆ ತಂದುಕೊಟ್ಟರು. ಹೆಣ್ಣು ಅದನ್ನು ಉಟ್ಟು ಬರಬೇಕಲ್ಲ, ಅದಕ್ಕೆ ಎಲ್ಲರೂ ಹತ್ತು ನಿಮಿಷ ಕಾದರು. ಹೊರಗಿನಿಂದ ಒಬ್ಬರು ಕರೆದು ಹೇಳಿದರು, "ಬೇಗ ಆಗಲಿ, ಹೊತ್ತು ಮೀರ್ತದೆ." ಎರಡು ಮೂರು ಜನ ನಕ್ಕರು. ಅದೇ ಹೊತ್ತಿಗೆ ಒಳಗೆ ಅಕ್ಕ ಆ ಸೀರೆಯ ನೆರಿಗೆ ಹಿಡಿಯುತ್ತಿದ್ದರು. ನೆಲದ ಮೇಲೆ ಹಾಸಿ, ಒಂದೊಂದೇ ನೆರಿಗೆ ಬೆರಳಲ್ಲಿ ತೀಡಿ, ಸೆರಗಿಗೆ ಪಿನ್ನು ಚುಚ್ಚಿದರು. ಚುಚ್ಚುವಾಗ ಸೀರೆಯ ಅಡಿಗೆ ತಮ್ಮ ಎಡಗೈ ಬೆರಳು ಇಟ್ಟುಕೊಂಡಿದ್ದರು. ಭುಜಕ್ಕೆ ತಾಗಬಾರದು ಅಂತ.

ಹೊರಗಿನ ನಗುವೂ ಸುಳ್ಳಲ್ಲ, ಆ ಬೆರಳೂ ಸುಳ್ಳಲ್ಲ. ಬರೆಯುವಾಗ ಯಾವುದನ್ನು ಬಿಡಲಿ ಹೇಳಿ? ನಗು ತೆಗೆದರೆ ಅದು ಬರೀ ಗೋಳಾಗುತ್ತದೆ. ಬೆರಳು ತೆಗೆದರೆ ಊರವರನ್ನು ಹಾಸ್ಯ ಮಾಡಿದ ಹಾಗಾಗುತ್ತದೆ.

ಇದು ಇಂಗ್ಲಿಷಿನವರಿಂದ ಬಂದ ಚಾಳಿ ಅನ್ನುವವರೂ ಇದ್ದಾರೆ. ಅವರಿಗೂ ಒಂದು ಮಾತು. ಪಾಳು ಕೋಟೆ, ಪ್ರೇತ, ಕತ್ತಲು ತುಂಬಿದ ಹೆದರಿಕೆಯ ಕಥೆಗೆ ಅವರು ಗಾಥಿಕ್ ಅನ್ನುತ್ತಾರೆ. ಅದಕ್ಕೆ ಮೊದಲ ಹೆಜ್ಜೆ ಅಂತ ಎಲ್ಲರೂ ತೋರಿಸುವುದು 1764ರಲ್ಲಿ ಹೋರೇಸ್ ವಾಲ್‌ಪೋಲ್ ಬರೆದ ಒಟ್ರಾಂಟೊ ಕೋಟೆಯ ಕಾದಂಬರಿಯನ್ನು. ಅದರ ಶುರುವಿನಲ್ಲೇ ಎಂತ ಆಗುತ್ತದೆ ಗೊತ್ತುಂಟಾ? ಮದುವೆಯ ದಿನ ಮದುಮಗನ ಮೇಲೆ ಒಂದು ದೈತ್ಯ ಶಿರಸ್ತ್ರಾಣ ಬೀಳುತ್ತದೆ. ಹುಡುಗ ಅಪ್ಪಚ್ಚಿ. ಓದಿದರೆ ಹೆದರಬೇಕಾ ನಗಬೇಕಾ ಗೊತ್ತಾಗುವುದಿಲ್ಲ. ನಮ್ಮ ಕಡೆ ತೆಂಗಿನಕಾಯಿ ಬಿದ್ದು ಹೋದವರ ಸುದ್ದಿ ಕೇಳುವಾಗಲೂ ಹೀಗೇ, ಅಯ್ಯೋ ಅನ್ನುವ ಮೊದಲು ಏನೋ ಒಂದು ಗಂಟಲಿಗೆ ಬಂದು ನಿಲ್ಲುತ್ತದೆ. ಪಾಪ, ಆ ಹುಡುಗ ನಮ್ಮೂರಿನವನಾಗಿದ್ದರೆ ಮೂವತ್ತು ವರ್ಷ ಬಿಟ್ಟು ಹೆಣ್ಣು ನೋಡುತ್ತಿದ್ದರು.

ಅಷ್ಟು ದೂರ ಹೋಗುವುದೂ ಬೇಡ. ಚಂದ್ರಗಿರಿ ಹೊಳೆ ದಾಟಿ ನೀಲೇಶ್ವರದ ಕಡೆ ಹೋದರೆ ಪೊಟ್ಟನ್ ತೆಯ್ಯಂ ಉಂಟು. ತೆಯ್ಯಂ ಅಂದರೆ ನಮ್ಮ ಭೂತಕೋಲದ ಹಾಗೆ, ವೇಷ ಕಟ್ಟಿದವನ ಮೈಮೇಲೆ ಬರುವ ದೈವ. ಪೊಟ್ಟನ್ ಅಂದರೆ ಪೆದ್ದ. ಎಳೆ ತೆಂಗಿನ ಗರಿ ಕಟ್ಟಿಕೊಂಡು ಕೆಂಡದ ರಾಶಿಯ ಮೇಲೆ ಹೋಗಿ ಮಲಗುತ್ತದೆ. ಮಲಗಿ ಹೇಳುವುದು ಎಂತ? ಚಳಿ ಆಗ್ತದೆ ಅಂತ! ನಾನು ನೋಡಿದ್ದು ನಸುಕಿನಲ್ಲಿ, ಹತ್ತು ಮಾರು ದೂರದಿಂದ. ಅಲ್ಲಿಗೇ ನನ್ನ ಮುಖ ಬೇಯುತ್ತಿತ್ತು. ಈ ಪೆದ್ದನೇ ಐತಿಹ್ಯದಲ್ಲಿ ಶಂಕರಾಚಾರ್ಯರ ದಾರಿಗೆ ಅಡ್ಡ ನಿಂತು, ನಿನ್ನ ಮೈ ಕೊಯ್ದರೂ ನನ್ನ ಮೈ ಕೊಯ್ದರೂ ಬರುವ ರಕ್ತ ಒಂದೇ ಅಲ್ವಾ ಅಂತ ಕೇಳಿದವನು. ಜನ ಕೈಮುಗಿಯುತ್ತಾರೆ, ನಗುತ್ತಾರೆ, ಹೆದರುತ್ತಾರೆ. ಯಾವುದು ಮೊದಲು ಅಂತ ಯಾರೂ ಕೇಳುವುದಿಲ್ಲ.

ಮಕ್ಕಳಿಗೆ ಓದಲು ಕೊಡಬಹುದಾ ಅಂತಲೂ ಕೇಳುತ್ತಾರೆ, ನಾನು ಟೀಚರ್ ಆದ ಕಾರಣ. ಬೇಡ. ರಕ್ತ ಗಿಕ್ತ ಜಾಸ್ತಿ ಇರುತ್ತದೆ ಅಂತಲ್ಲ. ಮಕ್ಕಳಿಗೆ ಪ್ರೇತ ಕಂಡರೆ ಹೆದರಿಕೆ. ದೊಡ್ಡವರಿಗೆ ಕಾಗದಪತ್ರ ಕಂಡರೆ ಹೆದರಿಕೆ. ನನ್ನ ಕಥೆಗಳು ಎರಡನೆಯವು. ನಮ್ಮ ಅತ್ತೆಯ ಪೆನ್ಶನ್ನಿಗೆ ಮಸ್ಟರಿಂಗ್ ಮಾಡಿಸಲು ಒಂದು ಸೇವಾ ಕೇಂದ್ರಕ್ಕೆ ಹೋಗಿದ್ದೆವು. ಬದುಕಿದ್ದೇನೆ ಅಂತ ಬೆರಳು ಒತ್ತಿ ತೋರಿಸಬೇಕು. ಜೀವಮಾನವಿಡೀ ಅಡಿಕೆ ಸುಲಿದ ಹೆಬ್ಬೆರಳು, ಗೆರೆಯೇ ಇಲ್ಲ. ಮೆಷಿನ್ನು ಒಪ್ಪಲಿಲ್ಲ. ಹುಡುಗ ಬೆರಳು ಒರೆಸಿದ, ಮೆಷಿನ್ನು ಒರೆಸಿದ, ತನ್ನ ಕನ್ನಡಕವನ್ನೂ ಒರೆಸಿದ. ಅತ್ತೆ ಕೇಳಿದರು, "ನಾನು ಇಲ್ಲ ಅಂತಾದರೆ ಹೋದದ್ದು ಯಾವತ್ತು ಅಂತಲೂ ಅದರಲ್ಲೇ ನೋಡಿ ಹೇಳು ಮಗ. ಬೊಜ್ಜದ ಅಡುಗೆಗೆ ಜನ ಹೇಳಬೇಕಲ್ಲ." ಕಡೆಗೆ ಎಡಗೈ ಕಿರುಬೆರಳು ಒಪ್ಪಿತು. ಅತ್ತೆ ಬದುಕಿದರು.

ಇನ್ನು ಗಾಥಿಕ್ ಅಂದ ಮೇಲೆ ಕೋಟೆ ಬೇಡವಾ ಅನ್ನುತ್ತೀರಿ. ಬೇಕಲ ಕೋಟೆ ಇಲ್ಲೇ ಉಂಟು, ಆದರೆ ಅಲ್ಲಿ ಬಿಸಿಲು ಜಾಸ್ತಿ, ಸೆಲ್ಫಿ ತೆಗೆಯುವವರೂ ಜಾಸ್ತಿ. ಮರ್ಯಾದೆ ಇರುವ ಪ್ರೇತ ಅಲ್ಲಿ ನಿಲ್ಲುವುದಿಲ್ಲ. ನನಗೆ ಸುರಂಗ ಸಾಕು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ನೀರಿಗಾಗಿ ಕೊರೆದ ಬಿಲ. ಒಬ್ಬರು ಹೋಗುವಷ್ಟೇ ಅಗಲ. ಕಾಲಡಿಗೆ ತಣ್ಣೀರು, ತಲೆ ಮೇಲೆ ಬಾವಲಿ. ಕೈಯಲ್ಲಿ ಹಿಡಿದ ದೀಪ ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ, ತಿರುಗಿ ಬರಬೇಕು. ನನ್ನ ಒಂದು ಕಥೆಯಲ್ಲಿ 1955ರಲ್ಲಿ ತೀರಿಕೊಂಡ ಭಟ್ಟರೊಬ್ಬರು ಸುರಂಗದಿಂದ ಹೊರಗೆ ಬರುತ್ತಾರೆ. ಅವರು ಸಾಯುವಾಗ ಊರು ಮದ್ರಾಸ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಅವರ ಹೆಸರಿಗೆ ಮಲಯಾಳದಲ್ಲಿ ಒಂದು ನೋಟೀಸು ಬಂದಿದೆ. ಭಟ್ಟರಿಗೆ ಓದಲು ಬರುವುದಿಲ್ಲ. ಓದಿ ಹೇಳಿ ಅಂತ ಮನೆ ಮನೆ ಬಾಗಿಲು ತಟ್ಟುತ್ತಾರೆ. ಯಾರೂ ತೆರೆಯುವುದಿಲ್ಲ. ಗಡಿಯಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಪ್ರೇತ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಗು ಬಾರದ ಜಾಗವೂ ನನಗೆ ಉಂಟು. ಇಲ್ಲಿಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಲ್ಲಿಸಿತು. ಆ ವಿಷ ತಾಗಿ ಮಲಗಿದಲ್ಲೇ ಬೆಳೆದ ಮಕ್ಕಳ ಬಗ್ಗೆ ಒಂದು ತಮಾಷೆಯ ಸಾಲನ್ನೂ ನಾನು ಬರೆದಿಲ್ಲ. ಆದರೆ ಅವರ ಅಮ್ಮಂದಿರಲ್ಲಿ ಮೂರನೇ ಸಲ ಅದೇ ದಾಖಲೆ ಕೇಳುವ ಗುಮಾಸ್ತನನ್ನು ಕಥೆಯಲ್ಲಿ ಸುಮ್ನೆ ಬಿಟ್ಟಿಲ್ಲ. ಸುರಂಗದೊಳಗೆ ಕೂರಿಸಿ ಅರ್ಜಿ ತುಂಬಿಸಿದ್ದೇನೆ, ಮೂರು ಪ್ರತಿ.

ಹಿಂದಿನ ಮನೆಯ ಮದುವೆಯನ್ನೂ ನಾನು ಕಥೆ ಮಾಡಿದೆ, ಹೆಸರು, ಊರು ಬದಲಿಸಿ. ಅಚ್ಚಾಗಿ ಬಂದ ಮೇಲೆ ಒಂದು ವಾರ ಆ ಕಡೆ ಹೋಗಲಿಲ್ಲ. ಎಂಟನೇ ದಿನ ಅಕ್ಕನೇ ಬಂದರು, ಕಂಕುಳಲ್ಲಿ ಪತ್ರಿಕೆ. ಕೂತು, ನೀರು ಕುಡಿದರು. ವಯಸ್ಸಿನ ಲೆಕ್ಕದ ಪುಟ ತೆಗೆದು ನನ್ನೆದುರೇ ಇನ್ನೊಮ್ಮೆ ಓದಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಪುಟ ಮಡಚಿ ಹೇಳಿದರು.

"ಎಲ್ಲ ಸರಿ ಉಂಟು ಮಾರಾಯ್ತಿ. ಸೀರೆ ಮಾತ್ರ ನೀಲಿ ಅಂತ ಬರೆದಿದ್ದಿ. ಹಸಿರು ಅದು. ಅವಳಿಗೆ ಹಸಿರೇ ಚಂದ."