ಮೆಟ್ಟಿಲು ಗುಡಿಸುವ ಸರದಿ

ಜರ್ಮನಿಗೆ ಹೊರಟವರಿಗೆ ಚಳಿ, ಊಟ, ಭಾಷೆ ಬಗ್ಗೆ ಎಲ್ಲರೂ ಹೇಳುತ್ತಾರೆ. ಪೊರಕೆ ಬಗ್ಗೆ ಯಾರೂ ಹೇಳುವುದಿಲ್ಲ. ಸ್ಟುಟ್‌ಗಾರ್ಟ್ ಕಡೆ ಬರುವವರಾದರೆ ಇದನ್ನು ಓದಿಕೊಂಡು ಬನ್ನಿ.

ಇಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಕಟ್ಟಡದಲ್ಲಿರುವ ಮನೆಯವರೆಲ್ಲ ಸರದಿ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಇದು ಚಿಕ್ಕ ಸರದಿ. ದೊಡ್ಡ ಸರದಿಗೆ ನೆಲಮಾಳಿಗೆ, ಮನೆ ಮುಂದಿನ ಫುಟ್‌ಪಾತ್ ಎಲ್ಲ ಸೇರುತ್ತವೆ. ನಿಮ್ಮ ವಾರ ಬಂತು ಅಂದರೆ ಬಾಗಿಲ ಹಿಡಿಕೆಗೆ ಒಂದು ಪುಟ್ಟ ಬೋರ್ಡು ಬಂದು ನೇತಾಡುತ್ತೆ. ಕೆಲಸ ಮುಗಿಸಿ ಅದನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು. ವಾರಕ್ಕೊಮ್ಮೆ ಕಸ ಹೊರಹಾಕಬೇಕು ಅನ್ನುವ ನಿಯಮ 1492ರಷ್ಟು ಹಿಂದೆಯೇ ಈ ಊರಿನಲ್ಲಿತ್ತಂತೆ. ನಗರಾಡಳಿತ 1988ರಲ್ಲಿ ಈ ಸರದಿಯ ಕಡ್ಡಾಯ ಕೈಬಿಟ್ಟರೂ ಬಾಡಿಗೆ ಕರಾರುಗಳಲ್ಲಿ ಅದು ಗಟ್ಟಿಯಾಗಿ ಕೂತಿದೆ. ಮೆಟ್ಟಿಲ ಮೇಲೆ ಒಂದು ಎಳೆ ಕೂದಲೂ ಇಲ್ಲದಿದ್ದರೂ ಗುಡಿಸಬೇಕು!

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ಕಟ್ಟಿದರೆ ನಮ್ಮ ಕರ್ತವ್ಯ ಮುಗೀತು. ಗುಡಿಸುವವರ ಹೆಸರೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಇಲ್ಲಿ ದೊಡ್ಡ ಹುದ್ದೆಯವರೂ ಬಕೆಟ್ ಹಿಡಿದು ಬಗ್ಗುತ್ತಾರೆ. ಇದು ನನಗೆ ಇಷ್ಟವಾಯಿತು, ಸುಳ್ಳೇಕೆ ಹೇಳಲಿ.

ಕಷ್ಟ ಬೇರೆ ಕಡೆ ಇದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಗಾಗಿ ಶನಿವಾರವೆಲ್ಲ ಸಾಮಾನು ತರುವುದರಲ್ಲೇ ಹೋಗುತ್ತೆ. ಭಾನುವಾರ ಗಲಾಟೆಯ ಕೆಲಸ ಮಾಡಿದರೆ ನೆರೆಯವರ ಮುಖ ಗಂಟಾಗುತ್ತೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಅಂತೂ ಪೊರಕೆ ಹಿಡಿಯುವ ಹೊತ್ತಿಗೆ ಅಮ್ಮ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿರುತ್ತಾಳೆ. "ದೀಪ ಹಚ್ಚೋ ಹೊತ್ತಲ್ಲಿ ಕಸ ಗುಡಿಸ್ತಾರೇನೋ? ಲಕ್ಷ್ಮಿ ನಿಲ್ತಾಳಾ?" ಅಲ್ಲಿ ಆಗಲೇ ರಾತ್ರಿ ಒಂಬತ್ತು ದಾಟಿದೆ ಅಂದರೂ ಬಿಡುವುದಿಲ್ಲ. ಲಕ್ಷ್ಮಿ ಜರ್ಮನಿ ಟೈಮ್ ನೋಡ್ತಾಳೋ ಭಾರತದ್ದೋ, ನಾನಂತೂ ವಾದಕ್ಕೆ ಇಳಿಯುವುದಿಲ್ಲ.

ನಿಜವಾಗಿ ತಲೆ ಕೆಡಿಸಿದ್ದು ಕೆಳಗಿನ ಮನೆಯ ಅಜ್ಜಿ. ಎಂಬತ್ತು ದಾಟಿದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಒಂದು ಮೆಟ್ಟಿಲು ಒರೆಸಿ, ನಿಂತು ಉಸಿರು ಬಿಟ್ಟು, ಮುಂದಿನದು. ವಯಸ್ಸಾದವರು ನೆಲ ಒರೆಸುವಾಗ ಗಂಡುಮಗ ಪಕ್ಕದಲ್ಲೇ ದಾಟಿ ಹೋದರೆ ನಮ್ಮೂರಲ್ಲಿ ಉಗೀತಾರೆ. "ಕೊಡಿ, ನಾನು ಮಾಡ್ತೀನಿ" ಅಂದೆ. ಅಜ್ಜಿ ಬಟ್ಟೆ ಬಿಡಲಿಲ್ಲ. "ಇದು ನನ್ನ ವಾರ" ಅಂದರು, ಮುಖ ಬಿಗಿಯಾಗಿತ್ತು. ಕೈಲಾಗದವರು ಅಂತ ಅವರನ್ನು ನಾಲ್ಕು ಜನರೆದುರು ಸಾರಿದಂತಾಯಿತು, ಅಷ್ಟೇ. ಆಮೇಲೆ ಕಂಡುಕೊಂಡ ದಾರಿ ಬೇರೆ. ಹಿಮ ಬೀಳುವ ವಾರ ಅವರದಾದರೆ, "ಮುಂದಿನ ವಾರ ನಾನು ಊರಲ್ಲಿರಲ್ಲ, ಅದಲು ಬದಲು ಮಾಡಿಕೊಳ್ಳೋಣವಾ?" ಅಂತ ಕೇಳುತ್ತೇನೆ. ಲೆಕ್ಕ ಸಮ ಆಗುತ್ತೆ, ಅವರು ಒಪ್ಪುತ್ತಾರೆ. ಸುಳ್ಳು ಹೇಳಿ ಉಪಕಾರ ಮಾಡುವುದು ಸರಿಯಾ? ನಮ್ಮ ಕಡೆ ಇದನ್ನು ಯಾರೂ ಸುಳ್ಳಿನ ಲೆಕ್ಕಕ್ಕೇ ಹಿಡಿಯಲ್ಲ, ಅಲ್ವಾ?

ದೀಪಾವಳಿಗೆ ಅವರಿಗೆ ಕೋಡುಬಳೆ ಕೊಟ್ಟಿದ್ದೆ. ಡಬ್ಬಿ ಅದೇ ಸಂಜೆ ವಾಪಸ್ ಬಂತು. ಫಳಫಳ ತೊಳೆದು, ಒರೆಸಿ, ಮೇಲೊಂದು ಥ್ಯಾಂಕ್ಸ್ ಕಾರ್ಡ್ ಇಟ್ಟು. ಒಳಗೆ ಖಾಲಿ. ಖಾಲಿ ಪಾತ್ರೆ ಹಿಂದಿರುಗಿಸಬಾರದು, ಏನಿಲ್ಲದಿದ್ದರೂ ಒಂದು ಚಮಚ ಸಕ್ಕರೆ ಹಾಕಿ ಕೊಡು ಅಂತ ಕೇಳಿ ಬೆಳೆದ ನನಗೆ ಒಂದು ಕ್ಷಣ ಪಿಚ್ಚೆನಿಸಿತು. ಅವರ ಪ್ರಕಾರ ಬೇಗ ಕೊಡುವುದು, ತೊಳೆದು ಕೊಡುವುದು, ಬರೆದು ಕೊಡುವುದೇ ಮರ್ಯಾದೆ. ಮೂರನ್ನೂ ಮಾಡಿದ್ದರು.

ಹೊಸದಾಗಿ ಬರುವವರು ಮನೆ ನೋಡುವಾಗಲೇ ಗುಡಿಸುವ ಸರದಿ ಇದೆಯಾ ಕೇಳಿಬಿಡಿ. ಕೆಲವು ಕಟ್ಟಡಗಳಲ್ಲಿ ಕಂಪನಿಗೆ ವಹಿಸಿರುತ್ತಾರೆ, ಆ ಖರ್ಚು ಬಾಡಿಗೆ ಜೊತೆ ಸೇರಿ ಬರುತ್ತೆ. ಸರದಿ ಇದ್ದರೆ ಒಳ್ಳೆ ಮಾಪ್ ಒಂದು ಕೊಂಡುಕೊಳ್ಳಿ. ಊರಿಂದ ತೆಂಗಿನ ಪೊರಕೆ ಹೊತ್ತು ತರಬೇಡಿ, ಇಲ್ಲಿನ ಮೆಟ್ಟಿಲಿಗೆ ಅದು ಆಗಿಬರಲ್ಲ.