ಪ್ರೊಟೆಕ್ಷನ್ ಕಟ್ ಮಾಡಿಸಬೇಡಿ

ನಮ್ಮ ತುಮಕೂರು ಕಡೆ ಮೈಕ್ ಸೆಟ್ ಇಟ್ಟಿರುವವರ ನಡುವೆ ಒಂದು ಮಾತು ಓಡಾಡುತ್ತಲೇ ಇರುತ್ತದೆ. ಜೋರಾಗಿ ಕೊಟ್ಟಾಗ ಆಂಪ್ ಕಟ್ ಆಗ್ತಿದ್ಯಾ? ಪ್ರೊಟೆಕ್ಷನ್ ತೆಗೆಸಿಬಿಡಣ್ಣ, ಆಮೇಲೆ ನೋಡು ಸೌಂಡು! ಪ್ರೊಟೆಕ್ಷನ್ ಅಂದರೆ ಆಂಪ್ಲಿಫೈಯರ್ ಒಳಗೆ ಕರೆಂಟ್ ಮಿತಿ ಮೀರದ ಹಾಗೆ ತಡೆಯುವ ಲಿಮಿಟರ್. ರಿಪೇರಿಯವರು ಅದರ ಎರಡು ಚಿಕ್ಕ ಟ್ರಾನ್ಸಿಸ್ಟರ್ ಕಿತ್ತು ಕೈಗೆ ಕೊಡುತ್ತಾರೆ. ಸೌಂಡ್ ಜಾಸ್ತಿ ಆಗುವುದೂ ನಿಜ. ಆಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಸೆಂಬಲ್ಡ್ ಆಂಪ್‌ಗಳಲ್ಲಿ ಸ್ಪೀಕರ್‌ಗೆ ಕರೆಂಟ್ ಕೊಡುವ ದೊಡ್ಡ ಟ್ರಾನ್ಸಿಸ್ಟರ್‌ಗಳಲ್ಲಿ ಜಾಸ್ತಿ ಕಾಣುವ ಜೋಡಿ 2ಎಸ್‌ಸಿ5200, 2ಎಸ್‌ಎ1943. ಅವುಗಳ ಎಮಿಟರ್ ಕಾಲಿಗೆ ಬಿಳಿ ಪಿಂಗಾಣಿ ರೆಸಿಸ್ಟರ್ ಇರುತ್ತದೆ, 0.22 ಓಮ್ ಅಂದುಕೊಳ್ಳಿ. ಸ್ಪೀಕರ್‌ಗೆ ಹೋಗುವ ಕರೆಂಟ್ ಅದನ್ನು ದಾಟಿಯೇ ಹೋಗಬೇಕು. 3 ಆಂಪಿಯರ್ ಹರಿದರೆ ಅದರ ಎರಡು ತುದಿ ನಡುವೆ 0.66 ವೋಲ್ಟ್. ಸಿಲಿಕಾನ್ ಟ್ರಾನ್ಸಿಸ್ಟರ್ ಆನ್ ಆಗೋಕೆ ಅಷ್ಟು ಸಾಕು. ಪಕ್ಕದ ಚಿಕ್ಕ ಟ್ರಾನ್ಸಿಸ್ಟರ್ ಆನ್ ಆಗಿ, ದೊಡ್ಡದಕ್ಕೆ ಹೋಗುತ್ತಿದ್ದ ಡ್ರೈವನ್ನು ತಾನೇ ಎಳೆದುಕೊಳ್ಳುತ್ತದೆ. ಕರೆಂಟ್ ಅದಕ್ಕಿಂತ ಮೇಲೆ ಏರುವುದಿಲ್ಲ. ಈ ಮಿತಿಯನ್ನು ಎಷ್ಟಕ್ಕೆ ಇಡಬೇಕು ಅಂತ ಇನ್ನೆರಡು ರೆಸಿಸ್ಟರ್ ಹಾಕಿ ಹೊಂದಿಸಿರುತ್ತಾರೆ.

ಈಗ ಸ್ಪೀಕರ್ ಕೇಬಲ್ ಶಾರ್ಟ್ ಆಯ್ತು ಅಂದುಕೊಳ್ಳಿ. ಪ್ಲಸ್ 70, ಮೈನಸ್ 70 ವೋಲ್ಟ್ ಸಪ್ಲೈ ಇರುವ ಆಂಪ್. ಔಟ್‌ಪುಟ್ ಸೊನ್ನೆಗೆ ಬಿದ್ದಿದೆ, ಹಾಗಾಗಿ 70 ವೋಲ್ಟೂ ಟ್ರಾನ್ಸಿಸ್ಟರ್ ಮೇಲೆಯೇ. ಬರೀ 3 ಆಂಪಿಯರ್‌ಗೇ ಆ ಕ್ಷಣಕ್ಕೆ 210 ವ್ಯಾಟ್. 5200ರ ಮಿತಿ 150 ವ್ಯಾಟ್, ಅದೂ ಅದರ ಕೇಸ್ 25 ಡಿಗ್ರಿಯಲ್ಲಿದ್ದಾಗ; 75 ಡಿಗ್ರಿಗೆ ಬಂದರೆ 90 ವ್ಯಾಟ್ ಅಷ್ಟೇ. ಏಪ್ರಿಲ್ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಹೀಟ್ ಸಿಂಕ್ ಮುಟ್ಟಿದವರಿಗೆ 75 ಡಿಗ್ರಿ ಹೊಸದೇನಲ್ಲ, ಅಲ್ವಾ? ಅದಕ್ಕೇ ಒಳ್ಳೆಯ ಲಿಮಿಟರ್ ಕರೆಂಟ್ ಒಂದನ್ನೇ ನೋಡುವುದಿಲ್ಲ. ಟ್ರಾನ್ಸಿಸ್ಟರ್ ಮೇಲೆ ಎಷ್ಟು ವೋಲ್ಟ್ ಇದೆ ಅಂತಲೂ ನೋಡಿ, ವೋಲ್ಟ್ ಜಾಸ್ತಿ ಇದ್ದಾಗ ಕರೆಂಟನ್ನು ಇನ್ನೂ ಕಡಿಮೆಗೆ ತಡೆಯುತ್ತದೆ. ವಿ-ಐ ಲಿಮಿಟರ್ ಅನ್ನುವುದು ಇದಕ್ಕೇ.

ಫ್ಯೂಸ್ ಇದೆಯಲ್ಲ ಅನ್ನುತ್ತಾರೆ. ಫ್ಯೂಸ್ ಕಾದು ಕರಗುವಷ್ಟರಲ್ಲಿ ಟ್ರಾನ್ಸಿಸ್ಟರ್ ಹೋಗಿರುತ್ತದೆ. ಹೋಗುವಾಗ ಸಾಮಾನ್ಯವಾಗಿ ಒಳಗೇ ಶಾರ್ಟ್ ಆಗಿ ಹೋಗುತ್ತದೆ, ಆಗ ಸ್ಪೀಕರ್ ಬಾಕ್ಸ್ ತಗುಲಿಸಿದ್ದರೆ 70 ವೋಲ್ಟ್ ಡಿಸಿ ನೇರ ಅದಕ್ಕೆ. 8 ಓಮ್ ಸ್ಪೀಕರ್‌ನ ಕಾಯಿಲ್ ಡಿಸಿಗೆ ಸುಮಾರು 6 ಓಮ್, ಲೆಕ್ಕ ಹಾಕಿದರೆ 800 ವ್ಯಾಟ್ ದಾಟುತ್ತದೆ. ಕೋನ್ ಒಂದೇ ಕಡೆಗೆ ತಳ್ಳಿಕೊಂಡು ನಿಂತುಬಿಡುತ್ತದೆ, ಕಾಯಿಲ್‌ಗೆ ಗಾಳಿ ಆಡುವುದಿಲ್ಲ, ನೋಡನೋಡುತ್ತಿದ್ದ ಹಾಗೆ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ಡಿಸಿ ಬಂದರೆ ಸ್ಪೀಕರನ್ನು ಬಿಡಿಸೋಕೆ ಅಂತಲೇ ರಿಲೇ ಅನ್ನುವ ಸ್ವಿಚ್ ಇರುತ್ತದೆ, ಸರಿ. ಆದರೆ ಅಷ್ಟು ಡಿಸಿಯನ್ನು ಕತ್ತರಿಸುವಾಗ ಕಿಡಿ ಎದ್ದು ಕಾಂಟ್ಯಾಕ್ಟ್ ಅಂಟಿಕೊಂಡರೆ ಅದೂ ಕೈಕೊಟ್ಟ ಹಾಗೆ. ಎರಡು ಚಿಕ್ಕ ಟ್ರಾನ್ಸಿಸ್ಟರ್ ಕಿತ್ತಿದ್ದಕ್ಕೆ ಬಾಕ್ಸ್ ರೀವೈಂಡಿಂಗ್‌ಗೆ ಹೋಗುತ್ತದೆ.

ಕಟ್ ಮಾಡಿಸುವವರ ಸಿಟ್ಟಿಗೂ ಕಾರಣ ಇದೆ. ಸ್ಪೀಕರ್ ಬರೀ ರೆಸಿಸ್ಟರ್ ಅಲ್ಲ. ಅದರಲ್ಲಿ ವೋಲ್ಟ್ ಮತ್ತು ಕರೆಂಟ್ ಒಟ್ಟಿಗೆ ಏರಿ ಇಳಿಯುವುದಿಲ್ಲ. ವೋಲ್ಟ್ ಸೊನ್ನೆ ಹತ್ತಿರ ಇದ್ದಾಗಲೂ ಕರೆಂಟ್ ಜೋರಾಗಿ ಹರಿಯುತ್ತಿರಬಹುದು, ಲಿಮಿಟರ್‌ಗೆ ಅದು ಶಾರ್ಟ್ ಆದ ಹಾಗೇ ಕಾಣುತ್ತದೆ. ತಕ್ಷಣ ತಡೆಯುತ್ತದೆ, ಕಾಯಿಲ್ ತಿರುಗಿಸಿ ಒದೆಯುತ್ತದೆ, ಟ್ವೀಟರ್‌ನಲ್ಲಿ ಚಟ್ ಚಟ್ ಅನ್ನುತ್ತದೆ. ಜಿಪುಣತನದಿಂದ ಒಂದೇ ಜೋಡಿ ಟ್ರಾನ್ಸಿಸ್ಟರ್ ಹಾಕಿ ಅದನ್ನು ಉಳಿಸೋಕೆ ಲಿಮಿಟರ್ ಬಿಗಿ ಮಾಡಿದ ಆಂಪ್‌ನಲ್ಲಿ ಇದು ಖಂಡಿತ ಕೇಳಿಸುತ್ತದೆ. ಇದಕ್ಕೆ ಪರಿಹಾರ ಲಿಮಿಟರ್ ಕೀಳುವುದಲ್ಲ, ಇನ್ನೆರಡು ಜೋಡಿ ಸೇರಿಸಿ ಮಿತಿಯನ್ನು ಲೆಕ್ಕ ಹಾಕಿ ಏರಿಸುವುದು. ಔಟ್‌ಪುಟ್‌ನಿಂದ ಎರಡೂ ಸಪ್ಲೈಗೆ ಒಂದೊಂದು ಡಯೋಡ್ ಇರಲೇಬೇಕು, ಕಾಯಿಲ್ ಒದೆತ ಅದರಲ್ಲಿ ಹೋಗುತ್ತದೆ. ಖರ್ಚು ಆಗುತ್ತದೆ, ಆಗಲಿ.

ಇನ್ನು ಲೋಡ್. ಲಿಮಿಟರ್ ಸುಮ್ನೆ ಅಡ್ಡ ಬರುವುದಿಲ್ಲ. ಒಂದೇ ಚಾನೆಲ್‌ಗೆ 8 ಓಮ್‌ನ ನಾಲ್ಕು ಬಾಕ್ಸ್ ಪ್ಯಾರಲಲ್ ಹಾಕಿದರೆ 2 ಓಮ್. 40 ವೋಲ್ಟ್ ಪೀಕ್‌ಗೆ ಒಂದು ಬಾಕ್ಸ್ ಕೇಳುವುದು 5 ಆಂಪಿಯರ್, ನಾಲ್ಕೂ ಸೇರಿ 20. ಅಷ್ಟನ್ನು ಕೊಡೋಕೆ ಆ ಆಂಪ್ ಹುಟ್ಟಿಲ್ಲ ಅಂದರೆ ಅದು ತಡೆದಿದ್ದು ಸರಿಯಾಗಿಯೇ ಇದೆ.

ರಿಪೇರಿ ಆಗಿ ಬಂದ ಆಂಪನ್ನು ನೇರ ಲೈನಿಗೆ ಹಾಕಬೇಡಿ. ಲೈನಿನ ಕರೆಂಟ್ ಬಲ್ಬ್ ದಾಟಿಯೇ ಆಂಪ್‌ಗೆ ಹೋಗುವ ಸೀರೀಸ್ ಬಲ್ಬ್ ಬೋರ್ಡ್ ಇಟ್ಟುಕೊಳ್ಳಿ, 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು, ಎಲ್‌ಇಡಿ ಅಲ್ಲ. ಒಳಗೆ ಪೂರ್ತಿ ಶಾರ್ಟ್ ಇದ್ದರೂ 230 ವೋಲ್ಟಿಗೆ 0.43 ಆಂಪಿಯರ್ ಸುತ್ತಮುತ್ತವೇ ಹರಿಯುತ್ತದೆ. ಸ್ಪೀಕರ್ ತಗುಲಿಸದೆ ಆನ್ ಮಾಡಿ. ಕೆಪಾಸಿಟರ್ ತುಂಬುವಾಗ ಬಲ್ಬ್ ಒಮ್ಮೆ ಧಗ್ ಅಂತ ಹೊತ್ತಿ, ಹಾಗೇ ಮಂಕಾಗಬೇಕು. ಮಂಕಾಗದೆ ಉರಿಯುತ್ತಲೇ ಇದ್ದರೆ ಆಫ್ ಮಾಡಿ ವಾಪಸ್ ಕೊಡಿ.

ಕುರುಕ್ಷೇತ್ರ ನಾಟಕ ಇದ್ದರೆ ಜಾಸ್ತಿ ಹುಷಾರು. ನಮ್ಮ ಹಳ್ಳಿಗಳಲ್ಲಿ ಅದು ರಾತ್ರಿ ಶುರುವಾದರೆ ಬೆಳಗಿನವರೆಗೆ, ಕೇಬಲ್ ಸೀನರಿ ಹಿಂದೆ ಜನರ ಕಾಲಡಿ ಬಿದ್ದಿರುತ್ತದೆ. ಹುಡುಗರು ತುದಿ ಸುಲಿದು ಟರ್ಮಿನಲ್‌ಗೆ ಸಿಕ್ಕಿಸುವಾಗ ಒಂದೇ ಒಂದು ತಾಮ್ರದ ಎಳೆ ಹೊರಗೆ ಉಳಿದು ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟೇ. ಅದಕ್ಕೆ ಆಂಪ್‌ಗೆ ಕೊಡುವ ಮೊದಲು ಕೇಬಲ್ ತುದಿಗೆ ಮಲ್ಟಿಮೀಟರ್ ಇಡಿ. 8 ಓಮ್‌ನ ಒಂದು ಬಾಕ್ಸ್ ಸುಮಾರು 6 ತೋರಿಸುತ್ತದೆ, ಎರಡಾದರೆ 3, ನಾಲ್ಕಾದರೆ ಒಂದೂವರೆ. ಒಂದಕ್ಕಿಂತ ಕೆಳಗೆ ಬಂದರೆ ಎಲ್ಲೋ ತಾಗಿದೆ, ಹುಡುಕಿ.